ತಣ್ಣನೆಯ ಅಚ್ಚು

ಜನವರಿ ೯

ಅತ್ತಿಗೆಯವರಿಗೆ ನಿಮ್ಮ ಮೈದುನನ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ನಿಮ್ಮ ಧಣಿಯಿಂದ ಕೊಂಡ ಎರಡು ಬೆಳ್ಳಿ ಗಟ್ಟಿಗಳು ಮೊನ್ನೆ ಬಂದು ಸೇರಿದವು. ಪೊಟ್ಟಣ ಬಿಚ್ಚಿದವನು ಆಫೀಸಿಗೆ ಹೋಗುವುದನ್ನೇ ಮರೆತು ಕೂತುಬಿಟ್ಟೆ. ಅಣ್ಣ ಕರಗಿದ ಬೆಳ್ಳಿಯ ಮೂಸೆಯನ್ನು ಬಾಗಿಸಿದ ವೇಗ, ಅವನ ಮಣಿಕಟ್ಟು ತಿರುಗಿದ ರೀತಿ ಎಲ್ಲವೂ ಆ ಗಟ್ಟಿಯ ಮೈಮೇಲೆ ಗೆರೆಗೆರೆಯಾಗಿ ಕೂತಿದೆ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆ ಹಾಗೆಯೇ ನಿಂತುಬಿಟ್ಟಂತೆ. ನಮ್ಮ ಸಂಗ್ರಾಹಕರ ಸಂಘದಲ್ಲಿ ಇದನ್ನು ಸುಕ್ಕು ಎನ್ನುತ್ತೇವೆ.

ಬ್ಯಾಂಕಿನವರು ಮಾರುವ ಯಂತ್ರದ ಗಟ್ಟಿಯನ್ನು ನೀವು ನೋಡಿರಬೇಕು, ಸೋಪಿನ ಬಿಲ್ಲೆಯ ಹಾಗಿರುತ್ತದೆ. ಅದನ್ನು ಕೊಳ್ಳುವವರನ್ನು ಕಂಡರೆ ನನಗೆ ಕನಿಕರ. ಪಾಪ, ತೂಕ ಕೊಳ್ಳುತ್ತಾರೆ. ನಾವು ಕೊಳ್ಳುವುದು ಕೈಯನ್ನು. ಶ್ರಮದ ಸೌಂದರ್ಯದ ಬಗ್ಗೆ ಕಳೆದ ಸಭೆಯಲ್ಲಿ ಮಾತಾಡಿದೆ. ಇಬ್ಬರು ಡಾಕ್ಟರು, ಒಬ್ಬ ನಿವೃತ್ತ ನ್ಯಾಯಾಧೀಶರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಿಮಗೊಂದು ಸಂತೋಷದ ಸುದ್ದಿ. ನುಣ್ಣಗಿರುವುದು ನಮಗೆ ಬೇಡ, ಸುಕ್ಕು ಎಷ್ಟು ಆಳವೋ ಬೆಲೆಯೂ ಅಷ್ಟು ಹೆಚ್ಚು, ಎಷ್ಟು ಮಾಡಿದರೂ ನಮ್ಮ ಸಂಘವೇ ಕೊಳ್ಳುತ್ತದೆ ಎಂದು ಧಣಿಗೆ ಹೇಳಿದ್ದೇನೆ. ಅವನಿಗೆ ಬಾಯಲ್ಲಿ ನೀರೂರಿತು. ಅಣ್ಣನಿಗೆ ಇದರಿಂದ ಹೆಸರು ಬರುತ್ತದೆ ನೋಡುತ್ತಿರಿ. ಕುಲುಮೆಯ ಮುಂದೆ ನಿಂತಾಗ ಅವನು ಏನನ್ನು ಯೋಚಿಸುತ್ತಾನೆ ಎಂದು ಕೇಳಿ ಬರೆಯಿರಿ, ಸಂಘದಲ್ಲಿ ಓದುತ್ತೇನೆ.

ಗಟ್ಟಿಯ ಮೇಲೆ ಕಾರ್ಖಾನೆಯ ಮುದ್ರೆ ಒತ್ತುವುದು ಈಗಲೂ ನೀವೇ ಅಲ್ಲವೇ? ಅದೂ ಚೆನ್ನಾಗಿದೆ. ಸ್ವಲ್ಪ ಹೆಚ್ಚೇ ನೆಟ್ಟಗಿದೆ ಅನ್ನಬಹುದು.

ನಿಮ್ಮ ಮೈದುನ


ಜನವರಿ ೨೩

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಫೋನಿನಲ್ಲಿ ನಿನ್ನ ಬಾಯಿಗೆ ನಾನು ಸಾಟಿಯಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾಗುವುದಿಲ್ಲ.

ಕುಲುಮೆಯ ಮುಂದೆ ಏನು ಯೋಚಿಸುತ್ತೀರಿ ಎಂದು ನಿನ್ನಣ್ಣನನ್ನು ಕೇಳಿದೆ. ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಯೋಚಿಸುತ್ತಾರಂತೆ. ಇದನ್ನೂ ಸಂಘದಲ್ಲಿ ಓದು. ಆ ನ್ಯಾಯಾಧೀಶರು ಎದ್ದು ನಿಲ್ಲಲಿ.

ಈಗ ಆ ಸುಕ್ಕಿನ ವಿಷಯ. ಹೊಟ್ಟೆ ತುಂಬಿದವರು ಇಡುವ ಹೆಸರುಗಳು ಕೇಳಲು ಚೆಂದ. ಇಷ್ಟು ವರ್ಷ ನಾವು ಅದನ್ನು ಕೆಟ್ಟ ಎರಕ ಎನ್ನುತ್ತಿದ್ದೆವು. ಕಬ್ಬಿಣದ ಅಚ್ಚನ್ನು ಒಲೆಯ ಮೇಲೆ ಚೆನ್ನಾಗಿ ಕಾಯಿಸಿ ಬೆಳ್ಳಿ ಸುರಿದರೆ ಅದು ನಿಧಾನವಾಗಿ ಆರಿ ಮೈ ಒಂದೇ ಸಮ ಬರುತ್ತದೆ. ಅಚ್ಚು ತಣ್ಣಗಿದ್ದರೆ ಬಿದ್ದ ಬೆಳ್ಳಿ ಗಡಬಡಿಸಿ ಗಟ್ಟಿಯಾಗಿ ಮೈತುಂಬ ಗೆರೆ ಏಳುತ್ತದೆ. ನಿನ್ನ ಕೊಳ, ನಿನ್ನ ಅಲೆ, ನಿನ್ನಣ್ಣನ ಮಣಿಕಟ್ಟು ಎಲ್ಲ ಇಷ್ಟೇ. ಅಚ್ಚು ಕಾಯಿಸುವುದು ಚೆಂದಕ್ಕೆ ಮಾತ್ರ ಅಂದುಕೊಳ್ಳಬೇಡ. ಒಳಗಿನ ತೇವವೆಲ್ಲ ಹೋಗಲಿ ಎಂದು ಕಾಯಿಸುತ್ತಾರೆ. ಮೂಲೆಯಲ್ಲಿ ಒಂದು ಹನಿ ನೀರು ಉಳಿದಿದ್ದರೂ ಸಾಕು, ಮೇಲೆ ಬಿದ್ದ ಬೆಳ್ಳಿಯನ್ನು ಅದು ಸುರಿಯುವವನ ಮುಖಕ್ಕೆ ಎರಚುತ್ತದೆ.

ನೀನು ಹೆಚ್ಚು ಕೊಡುತ್ತೇನೆ ಎಂದದ್ದೇ ತಡ, ಧಣಿ ಅಚ್ಚು ಕಾಯಿಸುವ ಒಲೆಯನ್ನೇ ಆರಿಸಿದ. ಈಗ ಪ್ರತಿ ಎರಕ ಮುಗಿದ ಮೇಲೆ ಅಚ್ಚನ್ನು ತೊಟ್ಟಿಯ ನೀರಿನಲ್ಲಿ ಅದ್ದಿಸಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಸುರಿಸುತ್ತಾನೆ. ಬಟ್ಟೆಯಲ್ಲಿ, ತಿಳಿಯಿತೇ? ಊಟದ ತಟ್ಟೆ ಒರೆಸಿದ ಹಾಗೆ. ಎರಕದವರು ಕೇಳಿದರೆ, "ಗಿರಾಕಿಗೆ ಬೇಕಾದ್ದು ಹಾಗೇನೇ, ಇಷ್ಟ ಇಲ್ಲದಿದ್ರೆ ಬಾಗಿಲು ಆ ಕಡೆ ಇದೆ" ಎನ್ನುತ್ತಾನೆ. ಆ ಗಿರಾಕಿ ನೀನು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸುಕ್ಕು ಬೇಡ, ಅಚ್ಚು ಕಾಯಿಸಿಯೇ ಸುರಿಸಿ ಎಂದು ಅವನಿಗೆ ಒಂದು ಸಾಲು ಬರೆ. ನಮ್ಮ ಮಾತು ಅವನ ಕಿವಿಗೆ ಹೋಗದು, ಕೊಳ್ಳುವವನ ಮಾತು ಹೋಗುತ್ತದೆ. ನಿನ್ನಣ್ಣ ಈ ಕಾಗದ ಬರೆಯುವುದೇ ಬೇಡ ಎಂದರು. "ಚಿಕ್ಕವನಿಗೆ ಇಷ್ಟ ಅಂದ್ರೆ ಇರಲಿ ಬಿಡೆ, ನಾನು ನೋಡ್ಕೊಂಡು ಸುರೀತೀನಿ" ಎಂದರು. ಆ ಮನುಷ್ಯನಿಗೆ ನೀನಿನ್ನೂ ಹೆಗಲ ಮೇಲೆ ಕೂತ ಮಗು. ನನಗಲ್ಲ.

ಅತ್ತಿಗೆ


ಫೆಬ್ರವರಿ ೧೫

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಾನು ವಿಮಾ ಕಂಪನಿಯಲ್ಲಿ ಅಪಘಾತಗಳ ನಷ್ಟ ಅಂದಾಜು ಮಾಡುವವನು. ದಿನಾ ಹತ್ತಾರು ಅಪಘಾತ ನನ್ನ ಮೇಜಿನ ಮೇಲೆ ಬರುತ್ತವೆ. ಅದರಲ್ಲಿ ಮುಕ್ಕಾಲು ಪಾಲು ಅಜಾಗರೂಕತೆಯಿಂದ ಆದವು. ಅಣ್ಣ ಅಜಾಗರೂಕನಲ್ಲ. ಇಷ್ಟು ವರ್ಷ ಬೆಂಕಿಯ ಜೊತೆ ಬಾಳಿದವನಿಗೆ ಒಂದು ಹನಿ ನೀರಿನ ಭಯವೇ?

ಕೆಟ್ಟ ಎರಕ ಎಂದಿರಿ. ಅಲ್ಲಿಯೇ ನೋಡಿ ವಿಷಯ ಇರುವುದು. ದಿನವಿಡೀ ಅದರ ನಡುವೆಯೇ ಇರುವವರಿಗೆ ಅದರ ಸೊಗಸು ಕಾಣುವುದಿಲ್ಲ. ದೂರ ನಿಂತು ನೋಡಬೇಕು. ನಾನು ಧಣಿಗೆ ಬರೆಯಬಹುದು. ಆದರೆ ನುಣ್ಣಗಿನ ಗಟ್ಟಿಯನ್ನು ನಮ್ಮ ಸಂಘ ಕೊಳ್ಳುವುದಿಲ್ಲ, ಧಣಿಗೆ ವ್ಯಾಪಾರ ಕುದುರುವುದಿಲ್ಲ, ಕೊನೆಗೆ ಅಣ್ಣನ ಹೊಟ್ಟೆಗೇ ಏಟು. ಇದನ್ನು ಯೋಚಿಸಿದ್ದೀರಾ? ಅಚ್ಚನ್ನು ಇನ್ನಷ್ಟು ಚೆನ್ನಾಗಿ ಒರೆಸಲು ಹೇಳಿ, ಸಾಕು.

ಸಂಘದ ಪ್ರದರ್ಶನದ ಫೋಟೋ ಇಟ್ಟಿದ್ದೇನೆ. ಗಾಜಿನ ಪೆಟ್ಟಿಗೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ, ದೀಪದ ಕೆಳಗೆ ಇರುವುದು ಅಣ್ಣನ ಗಟ್ಟಿಗಳು. ಪಕ್ಕದಲ್ಲಿ ಸೂಟು ಹಾಕಿ ನಿಂತವನು ನಾನು. ಮನೆಯಲ್ಲಿ ಗೋಡೆಗೆ ಹಾಕಿಕೊಳ್ಳಬಹುದು.

ನಿಮ್ಮ ಮೈದುನ


ಏಪ್ರಿಲ್ ೪

ಮೈದುನನಿಗೆ,

ಫೋಟೋ ತಲುಪಿತು. ನಿನ್ನಣ್ಣ ಈಗ ಬರೆಯುವ ಸ್ಥಿತಿಯಲ್ಲಿಲ್ಲ. ಫೋನು ಮಾಡಬೇಡ, ಬರುವುದೂ ಬೇಡ. ಸುಕ್ಕಿನ ಮಾತು ಈ ಮನೆಯಲ್ಲಿ ಇನ್ನು ಬೇಡ.

ಅತ್ತಿಗೆ


ಮೇ ೧೯

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ನಾಲ್ಕು ಸಾಲಿನ ಕಾಗದಕ್ಕೆ ಏನು ಉತ್ತರ ಕೊಡಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಈಗ ಅರ್ಥವಾಗಿದೆ. ನಾವು ಕೊಡುವ ಹೆಚ್ಚಿನ ಬೆಲೆಯಲ್ಲಿ ಅಣ್ಣನಿಗೆ ಏನೂ ಸೇರುತ್ತಿಲ್ಲ, ಅಲ್ಲವೇ? ನೇರವಾಗಿ ಹೇಳಿದ್ದರೆ ಧಣಿಯ ಕಿವಿ ಹಿಂಡುತ್ತಿದ್ದೆ. ಮುಖ ಊದಿಸಿಕೊಂಡು ಕೂತರೆ ನನಗೆ ಕನಸು ಬೀಳುತ್ತದೆಯೇ?

ಅಣ್ಣ ಕೆಲಸ ಬಿಟ್ಟ ವಿಷಯ ಧಣಿಯ ಬಾಯಿಂದ ತಿಳಿಯಬೇಕಾಯಿತು. "ಅವರು ವಿಶ್ರಾಂತಿ ತಗೊಂಡಿದಾರೆ ಸಾರ್, ಆ ಕೈ ಇನ್ನು ಸಿಗಲ್ಲ, ಇದೇ ಕೊನೇದು" ಎಂದ. ಒಡಹುಟ್ಟಿದವನಿಗೆ ಒಂದು ಮಾತು ಹೇಳದೆ ಹೀಗೆ ಮಾಡುವುದು ಯಾವ ಸೀಮೆಯ ನ್ಯಾಯ? ದೊಡ್ಡವರು ನೀವಾದರೂ ಬುದ್ಧಿ ಹೇಳಬಾರದಿತ್ತೇ?

ಇರಲಿ. ಸಿಟ್ಟು ಮರೆಸುವ ವಸ್ತುವೊಂದು ಸಿಕ್ಕಿದೆ. ಧಣಿ ಹರಾಜಿಗಿಟ್ಟಿದ್ದ ಆ ಕೊನೆಯ ಗಟ್ಟಿಯನ್ನು ಡಾಕ್ಟರರಿಬ್ಬರನ್ನೂ ಹಿಂದೆ ಹಾಕಿ ನಾನೇ ಹಿಡಿದೆ. ಅತ್ತಿಗೆ, ಇಂಥದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಗಟ್ಟಿಯ ಒಂದು ಬದಿ ಹರಿದು ಮೇಲೆದ್ದಿದೆ, ದಡಕ್ಕೆ ಅಪ್ಪಳಿಸುವ ತೆರೆಯ ಹಾಗೆ. ಅಂಚಿನಲ್ಲಿ ಬೆಳ್ಳಿ ಎಳೆ ಎಳೆಯಾಗಿ ಬಾಗಿ ನಿಂತಿದೆ. ಉಳಿದ ಮೈಯಲ್ಲಿ ಸುಕ್ಕೋ ಸುಕ್ಕು. ಅಣ್ಣ ಇಷ್ಟು ವರ್ಷ ಒಳಗೆ ಅದುಮಿಟ್ಟುಕೊಂಡಿದ್ದನ್ನೆಲ್ಲ ಒಂದೇ ಸುರಿತದಲ್ಲಿ ಹೊರಗೆ ಹಾಕಿದ್ದಾನೆ ಅನಿಸುತ್ತದೆ. ಇಂಥದ್ದನ್ನು ಮಾಡಿ ಕೈ ತೊಳೆದುಕೊಳ್ಳುವುದಕ್ಕೂ ಎದೆ ಬೇಕು. ನಾಲ್ಕು ಜನಕ್ಕೆ ಇದರ ಬೆಲೆ ತಿಳಿಯುವಂತೆ ಏನಾದರೂ ಮಾಡಬೇಕೆಂದಿದ್ದೇನೆ. ಅಣ್ಣನಿಗೆ ಓದಿ ಹೇಳಿ.

ನಿಮ್ಮ ಮೈದುನ


ಮೇ ೨೮

ಮೈದುನನಿಗೆ,

ಆ ಗಟ್ಟಿಯ ಬಗ್ಗೆ ಎರಡು ಮಾತು ಕೇಳಬೇಕು. ಹರಿದು ಎದ್ದಿರುವ ಬದಿಯ ಕೆಳಗೆ, ಮೂಲೆಯಲ್ಲಿ ಗುಳಿ ಇದೆಯೇ? ಮುದ್ರೆ ಹೇಗಿದೆ? ನೋಡಿ ಬರೆ. ಬೇರೇನೂ ಬರೆಯಬೇಡ.

ಅತ್ತಿಗೆ


ಜೂನ್ ೭

ಅತ್ತಿಗೆಯವರಿಗೆ ನಮಸ್ಕಾರ.

ಕೊನೆಗೂ ನಿಮಗೆ ಈ ರುಚಿ ಹತ್ತಿತಲ್ಲ, ಸಂತೋಷ. ಹೌದು, ಮೂಲೆಯಲ್ಲಿ ಕಡಲೆಕಾಳಿನಷ್ಟು ಗುಳಿ ಇದೆ, ಒಳಗೆ ಕನ್ನಡಿಯ ಹಾಗೆ ನುಣುಪು. ನಿಮ್ಮ ಕಣ್ಣು ಚುರುಕು. ಮುದ್ರೆಯಂತೂ ಇನ್ನೊಂದು ಸೋಜಿಗ: ತಲೆಕೆಳಗಾಗಿದೆ! ನೆಟ್ಟಗಿನ ಮುದ್ರೆಗೆ ಹೆಸರಾದ ನೀವು ಬೇಕೆಂದೇ ಹೀಗೆ ಒತ್ತಿದಿರಾ? ಗಂಡ ಹೆಂಡತಿ ಕೂಡಿಯೇ ಈ ಕೊನೆಯ ಆಟ ಆಡಿದಿರಿ ಎಂದು ಸಂಘದಲ್ಲಿ ಹೇಳಿದ್ದೇನೆ.

ನಿಮ್ಮ ಮೈದುನ


ಜೂನ್ ೧೬

ಮೈದುನನಿಗೆ,

ಆ ಮುದ್ರೆ ನಾನು ಒತ್ತಿದ್ದಲ್ಲ. ಅದನ್ನು ಒತ್ತುವಾಗ ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದೆ. ಕೆಲಸ ಗೊತ್ತಿಲ್ಲದ ಧಣಿ ತಾನೇ ಒತ್ತಿ ತಲೆಕೆಳಗು ಮಾಡಿದ. ಎರಕದವರು ಕಂಡಿದ್ದಾರೆ.

ಮಾರ್ಚ್ ೧೧ರಂದು ಅಚ್ಚಿನ ಮೂಲೆಯಲ್ಲಿ ನೀರು ಉಳಿದಿತ್ತು. ನಿನ್ನಣ್ಣ ಸುರಿದರು. ನಾನು ಮುದ್ರೆಯ ಮೇಜಿನಲ್ಲಿದ್ದೆ. ಶಬ್ದ ಏನೂ ದೊಡ್ಡದಿರಲಿಲ್ಲ, ಬಿಸಿ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ಓಡಿ ಹೋಗುವಷ್ಟರಲ್ಲಿ ಅವರು ಮೂಸೆಯನ್ನು ಕೆಳಗಿಟ್ಟಿದ್ದರು. ಬೀಳಿಸಲಿಲ್ಲ, ಇಟ್ಟರು, ಪಕ್ಕದವನ ಕಾಲ ಮೇಲೆ ಹೋಗದಿರಲಿ ಎಂದು. ಆಮೇಲೆ ಮುಖ ಹಿಡಿದುಕೊಂಡರು. ಬಲಗಣ್ಣು ಹೋಗಿದೆ. ಕೆನ್ನೆ, ಕಿವಿ, ಎಡ ಮಣಿಕಟ್ಟು ಸುಟ್ಟಿವೆ. ನೀನು ಮಖಮಲ್ಲಿನ ಮೇಲೆ ಇಟ್ಟು ಕೊಂಡಾಡುತ್ತಿರುವ ತೆರೆ ಇದೆಯಲ್ಲ, ಅದು ನಿನ್ನಣ್ಣನ ಮುಖಕ್ಕೆ ಹಾರಿದ ಬೆಳ್ಳಿಯಲ್ಲಿ ಹಾರದೆ ಉಳಿದದ್ದು. ಆ ಗುಳಿ ನೀರು ಇದ್ದ ಜಾಗ. ಒಂದು ಹನಿ ನೀರಿನ ಭಯವೇ ಎಂದು ನೀನು ಕೇಳಿದ್ದೆ. ಬೆರಳಿಟ್ಟು ನೋಡಿಕೋ, ಎಷ್ಟು ದೊಡ್ಡ ಹನಿ ಎಂದು.

ನಿನಗೆ ಹೇಳಬೇಡ ಎಂದು ಅವರೇ ತಡೆದರು. "ಅವನು ಕೊರಗ್ತಾನೆ" ಎಂದರು. ನೀನು ಕೊರಗುವ ಪೈಕಿ ಎಂದು ನನಗೆ ಅನಿಸಲಿಲ್ಲ. ಆದರೂ ನಿನ್ನ ಮರುಕ ನಮ್ಮ ಹೊಸಿಲು ದಾಟುವುದು ಬೇಡ ಎಂದೇ ನಾನೂ ಸುಮ್ಮನಿದ್ದೆ.

ಈಗ ಬರೆಯುವುದಕ್ಕೆ ಕಾರಣವಿದೆ. ನಿನ್ನಣ್ಣ ಕುಡಿದು ಬಂದು ಕುಲುಮೆಯ ಮೇಲೆ ಬಿದ್ದರು, ಆ ಹೊತ್ತಿನಲ್ಲಿ ಎರಕವೇ ನಡೆದಿರಲಿಲ್ಲ ಎಂದು ಧಣಿ ಕಾರ್ಮಿಕ ಅಧಿಕಾರಿಯ ಮುಂದೆ ಹೇಳಿದ್ದಾನೆ. ಜೀವಮಾನದಲ್ಲಿ ಒಂದು ತೊಟ್ಟು ಬಾಯಿಗೆ ಹಾಕದ ಮನುಷ್ಯ ಊರ ಬಾಯಲ್ಲಿ ಕುಡುಕನಾದ. ಬೀದಿಯಲ್ಲಿ ಹೋದರೆ ಜನ ಇವರ ಸುಟ್ಟ ಮುಖಕ್ಕೆ ಹೆದರುವುದಿಲ್ಲ, ಮೂಗು ಮುಚ್ಚಿಕೊಳ್ಳುತ್ತಾರೆ. ಕಣ್ಣು ಹೋದದ್ದಕ್ಕಿಂತ ಅದು ಅವರನ್ನು ಹೆಚ್ಚು ತಿನ್ನುತ್ತಿದೆ. ಎರಕದವರ ಬಾಯಿಗೆ ಧಣಿ ಬೀಗ ಹಾಕಿದ್ದಾನೆ, ಕೆಲಸದ ಬೀಗ. ಆ ಗಟ್ಟಿಯನ್ನು ಕರಗಿಸಿಬಿಟ್ಟೆ ಎಂದು ನನಗೆ ಹೇಳಿದ್ದ. ಕರಗಿಸಿಲ್ಲ, ನಿನಗೆ ಮಾರಿದ್ದಾನೆ. ದುರಾಸೆ ಎಷ್ಟು ನೋಡು, ತನ್ನ ವಿರುದ್ಧದ ಸಾಕ್ಷಿಯನ್ನೇ ಹರಾಜು ಹಾಕಿದ.

ಗಟ್ಟಿ ಕಳಿಸು. ಬಂದು ಅಧಿಕಾರಿಯ ಮುಂದೆ ಒಂದು ಮಾತು ಹೇಳು.

ಅತ್ತಿಗೆ


ಜುಲೈ ೧

ಅತ್ತಿಗೆ,

ಏನು ಬರೆಯಲಿ. ಮೂರು ಸಲ ಬರೆದು ಹರಿದೆ.

ಗಟ್ಟಿಯನ್ನು ಈ ದಿನವೇ ಅಧಿಕಾರಿಯ ಕಚೇರಿಯ ವಿಳಾಸಕ್ಕೆ ಕಳಿಸಿದ್ದೇನೆ. ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಲಿ. ಅಣ್ಣನ ಕಣ್ಣನ್ನು ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಣ, ಖರ್ಚು ನನ್ನದು, ಇಲ್ಲ ಎನ್ನಬೇಡಿ.

ಬರುವುದು ಮಾತ್ರ ಈಗ ಕಷ್ಟ. ಆಫೀಸಿನಲ್ಲಿ ರಜೆ ಇಲ್ಲ. ಅದಲ್ಲದೆ ಇನ್ನೊಂದು ವಿಷಯ, ನೀವು ಸಮಾಧಾನದಿಂದ ಕೇಳಬೇಕು. ಅಪಘಾತದ ನಷ್ಟ ಕಟ್ಟುವವನೇ ಅಪಘಾತಕ್ಕೆ ಕಾರಣ ಎಂದು ದಾಖಲೆಯಾದರೆ ನನ್ನ ಕೆಲಸದ ಗತಿಯೇನು? ಗಟ್ಟಿಯೇ ಎಲ್ಲ ಹೇಳುತ್ತದೆ. ಗುಳಿ ಇದೆ, ಮುದ್ರೆ ಇದೆ. ನಾನು ಬಂದು ಹೇಳುವುದೇನು ಉಳಿದಿದೆ? ಬೇಕಾದರೆ ಬರೆದು ಸಹಿ ಮಾಡಿ ಕಳಿಸುತ್ತೇನೆ.

ಅಣ್ಣನಿಗೆ ನನ್ನ ಮೇಲೆ ಸಿಟ್ಟಿದೆಯೇ? ಅದೊಂದು ಬರೆಯಿರಿ.

ನಿಮ್ಮ ಮೈದುನ


ಜುಲೈ ೨೯

ಮಹಾ ಬರಹಗಾರನಿಗೆ,

ಮೊದಲ ವಿಚಾರಣೆ ಮುಗಿಯಿತು. ನೀನು ಕಳಿಸಿದ ಗಟ್ಟಿಯನ್ನು ಅಧಿಕಾರಿ ಮೇಜಿನ ಮೇಲಿಟ್ಟರು. ಗುಳಿ ತೋರಿಸಿದೆ, ಮುದ್ರೆ ತೋರಿಸಿದೆ, ಬಾಯಿ ನೋಯುವಷ್ಟು ವಿವರಿಸಿದೆ. ಅಧಿಕಾರಿ ತಲೆದೂಗಿದರು. ಆಗ ಧಣಿಯ ವಕೀಲ ನಿಧಾನವಾಗಿ ಎದ್ದು ಚೀಲದಿಂದ ಒಂದು ಹೊಳೆಯುವ ಪತ್ರಿಕೆ ತೆಗೆದ. ನಿಮ್ಮ ಸಂಘದ್ದು. ನಿನ್ನ ಫೋಟೋ, ಗಟ್ಟಿಯ ಫೋಟೋ, ಮೂರು ಪುಟ ಲೇಖನ. ನನಗೆ ಹೇಳದೆ ಬಚ್ಚಿಟ್ಟದ್ದು ಇದನ್ನೇ ಅಲ್ಲವೇ? ಗಟ್ಟಿಯೇ ಎಲ್ಲ ಹೇಳುತ್ತದೆ ಎಂದು ಬರೆದೆಯಲ್ಲ, ಅದು ಬಾಯಿ ತೆರೆಯುವ ಮೊದಲೇ ಅದರ ಪರವಾಗಿ ನೀನು ಮೂರು ಪುಟ ಹೇಳಿ ಮುಗಿಸಿದ್ದೆ.

ವಕೀಲ ನಾಟಕದವರ ಹಾಗೆ ಓದಿದ. "ಇಲ್ಲಿ ಯಾವ ಹನಿಯೂ ಆಕಸ್ಮಿಕವಲ್ಲ. ಕುಶಲಕರ್ಮಿ ಬೇಕೆಂದೇ ಲೋಹವನ್ನು ಕೆರಳಿಸಿದ್ದಾನೆ, ಬೇಕೆಂದೇ ಅಂಚನ್ನು ಹರಿದಿದ್ದಾನೆ. ತಲೆಕೆಳಗಾದ ಮುದ್ರೆ ಅವನ ಹೆಂಡತಿಯ ತುಂಟ ಸಹಿ." ಓದಿ ಪತ್ರಿಕೆ ಮಡಿಸಿ, "ಸ್ವಾಮಿ, ಇದನ್ನ ಬರೆದೋರು ಗಾಯಾಳುವಿನ ಖಾಸಾ ತಮ್ಮ. ಅಪಘಾತದ ವಿಷಯದಲ್ಲಿ ಪಂಡಿತರು. ಅವರೇ ಅಪಘಾತ ಅಲ್ಲ ಅಂತಾರೆ" ಎಂದ. ಧಣಿ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕ. ಅಧಿಕಾರಿ ಗಟ್ಟಿಯನ್ನು ಮತ್ತೆ ಎತ್ತಿ ಬೆಳಕಿಗೆ ಹಿಡಿದು, ಚೆನ್ನಾಗಿಯೇ ಇದೆ ಎಂದರು.

ಚೆನ್ನಾಗಿಯೇ ಇದೆ. ನಿನ್ನಣ್ಣ ಅಲ್ಲಿಯೇ ಕೂತಿದ್ದರು, ಅದೇ ಕೋಣೆಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಅವರ ಕಡೆ ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ಗಟ್ಟಿ ನೋಡುತ್ತಿದ್ದರು.

ಕೆಸರು ಅವರ ಕೈಗೆ, ಮೊಸರು ನಿನ್ನ ಬಾಯಿಗೆ. ಇಲ್ಲಿಯವರೆಗೆ ಹೀಗೇ ನಡೆದಿದೆ. ನೀನು ಶ್ರಮದ ಸೌಂದರ್ಯ ಎಂದೆ. ಶ್ರಮ ಪಡುವವನ ಮುಖ ಸುಟ್ಟರೆ ಆ ಸೌಂದರ್ಯ ಇನ್ನಷ್ಟು ಏರುತ್ತದೆ ಎಂದು ನಿನ್ನ ಮಂದಿ ಕಲಿತಿದ್ದಾರೆ. ಧಣಿಯಾದರೂ ಬರಿಯ ಕಳ್ಳ, ಅವನಿಗೆ ಬೇಕಾದದ್ದು ದುಡ್ಡು. ನಿಮಗೆ ದುಡ್ಡು ಕೊಟ್ಟು ಕೊಳ್ಳುವುದೂ ಬೇಕು, ಕೊಂಡದ್ದಕ್ಕೆ ಒಳ್ಳೆಯವರು ಎನಿಸಿಕೊಳ್ಳುವುದೂ ಬೇಕು. ನಿಮ್ಮ ಮುಂದೆ ಅವನೇ ವಾಸಿ.

ಬರೆದು ಸಹಿ ಹಾಕುವ ಮಾತು ಬೇಡ. ನಿನ್ನ ಬರಹ ನೋಡಿದ್ದಾಯಿತು. ಆಗಸ್ಟ್ ೨೬ಕ್ಕೆ ಮತ್ತೆ ವಿಚಾರಣೆ ಇದೆ. ನೀನು ಬಂದು ಬಾಯಲ್ಲಿ ಹೇಳದಿದ್ದರೆ ನಿನ್ನಣ್ಣ ಸಾಯುವವರೆಗೆ ಕುಡುಕ, ಅಷ್ಟೇ. ಆಸ್ಪತ್ರೆಯ ಖರ್ಚು ನಿನ್ನ ಹತ್ತಿರವೇ ಇರಲಿ.

ಸಿಟ್ಟಿದೆಯೇ ಎಂದು ಕೇಳಿದ್ದೆ. ಅವರಿಗಿಲ್ಲ. ಅದನ್ನೇ ನಾನು ಅವರಲ್ಲಿ ಕ್ಷಮಿಸಲಾರೆ.

ಅತ್ತಿಗೆ


ಆಗಸ್ಟ್ ೮

ಅತ್ತಿಗೆ,

ಲೇಖನದ ವಿಷಯ ಮುಚ್ಚಿಟ್ಟೆ. ನಿಮ್ಮ ಕಾಗದ ಬರುವ ಮೊದಲೇ ಅಚ್ಚಾಗಿತ್ತು. ಅಲ್ಲಿ ಯಾರು ಓದುತ್ತಾರೆ ಅಂದುಕೊಂಡೆ. ಸಂಘದಲ್ಲಿ ಧಣಿಯೂ ಈಗ ಸದಸ್ಯ ಎಂಬುದು ನೆನಪಾಗಲಿಲ್ಲ.

೨೫ರ ಸಂಜೆ ಬರುತ್ತೇನೆ. ಮನೆಗೆ ಬರಲೇ, ಬೇರೆಲ್ಲಾದರೂ ಇಳಿದುಕೊಳ್ಳಲೇ?

ಮೈದುನ


ಸೆಪ್ಟೆಂಬರ್ ೧೪

ಮೈದುನನಿಗೆ,

ಆದೇಶ ಬಂದಿದೆ. ಗಾಯ ಕೆಲಸದಿಂದಲೇ ಆದದ್ದು, ಅಚ್ಚಿನ ನೀರಿನಿಂದಲೇ ಆದದ್ದು, ಕುಡಿತದ ಮಾತು ಸುಳ್ಳು ಎಂದು ಬರೆದಿದ್ದಾರೆ. ನಿನ್ನಣ್ಣ ಅದನ್ನು ಒಂದು ಕಣ್ಣಿನಲ್ಲಿ ಓದಿ, ಮತ್ತೆ ನನ್ನ ಕೈಲಿ ಓದಿಸಿ, ಎದ್ದು ಹೋಗಿ ಕ್ಷೌರ ಮಾಡಿಸಿಕೊಂಡು ಬಂದರು. ಮಾರ್ಚ್‌ನಿಂದ ಬೀದಿಯ ಆ ತುದಿಗೆ ಹೋಗಿರಲಿಲ್ಲ.

ನೀನು ಹೇಳಿದ್ದರಿಂದಲೇ ಇದು ಆಯಿತು. ಇಲ್ಲ ಎನ್ನುವುದಿಲ್ಲ. ಬರೆದದ್ದು ಸುಳ್ಳಾ ಎಂದು ವಕೀಲ ಕೆಣಕಿದಾಗ ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. "ಅದನ್ನ ಬರೆಯೋವಾಗ ನನಗೆ ಏನೂ ಗೊತ್ತಿರ್ಲಿಲ್ಲ. ಆದ್ರೆ ಅಚ್ಚು ತಣ್ಣಗಿರುತ್ತೆ ಅಂತ ಜನವರಿಯಲ್ಲೇ ಗೊತ್ತಿತ್ತು, ನಮ್ಮತ್ತಿಗೆ ಹೇಳಿದ್ರು. ಅಚ್ಚು ಕಾಯಿಸಬೇಡಿ ಅಂತ ನಾನು ಧಣಿಗೆ ಯಾವತ್ತೂ ಹೇಳಿಲ್ಲ. ಸುಕ್ಕಿಗೆ ಹೆಚ್ಚು ಕೊಡ್ತೀನಿ ಅಂದೆ. ಅಷ್ಟು ಹೇಳಿದ್ರೆ ಸಾಕಾಗಿತ್ತು." ಅಧಿಕಾರಿ ಗಟ್ಟಿಯನ್ನು ಕೆಳಗಿಟ್ಟು ಆಗ ನಿನ್ನಣ್ಣನ ಮುಖ ನೋಡಿದರು.

ಇಷ್ಟಕ್ಕೆ ನಿನಗೆ ಹಾರ ಹಾಕುವವಳು ನಾನಲ್ಲ. ಹೊರಗೆ ಬಂದ ಮೇಲೆ ನೀನು ಅವರನ್ನು ತಬ್ಬಿಕೊಂಡು ಅತ್ತೆ. ಅವರು ಬೆನ್ನು ಸವರಿದರು. ಗಾಯ ಅವರದು, ಸಮಾಧಾನ ನಿನಗೆ! ಟೀ ಕೊಡಿಸಿದ್ದೂ ಅವರೇ. ಅದನ್ನು ನೋಡಲಾಗದೆ ನಾನು ಬಸ್ಸಿನ ಕಡೆ ನಡೆದೆ. ನೀನು ಅದನ್ನು ಬೇರೆ ರೀತಿ ತಿಳಿದಿರಬಹುದು.

ಈಗ ಕೇಳು. ನೀನು ಊರಿಗೆ ಹೋದ ಮರುವಾರವೇ ಧಣಿ ತಣ್ಣನೆಯ ಅಚ್ಚನ್ನು ಮತ್ತೆ ಹೊರಗೆ ತೆಗೆದ. ನಿನ್ನ ಸಂಘದವರೇ ಕೇಳಿದ್ದಾರಂತೆ, ಈ ಸಲ ಸುಕ್ಕು ಸಾಲದು, ಹರಿದ ಅಂಚೇ ಬೇಕಂತೆ. ವಿಚಾರಣೆ ನಡೆದದ್ದು ಅವರಿಗೆ ಗೊತ್ತು. ಗೊತ್ತಿರುವುದರಿಂದಲೇ ಕೇಳುತ್ತಿದ್ದಾರೆ, ಕತೆ ಇರುವ ಗಟ್ಟಿಗೆ ಬೆಲೆ ಹೆಚ್ಚು. ಹೊಸದಾಗಿ ಬಂದ ಎರಕದವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ.

ಉಳಿದವರ ಬಾಯಿಯ ಬೀಗ ಮಾತ್ರ ಬಿದ್ದಿದೆ. ಅಚ್ಚು ಕಾಯಿಸದೆ ಯಾರೂ ಮೂಸೆ ಎತ್ತುವುದಿಲ್ಲ ಎಂದು ಎಲ್ಲರೂ ಸೇರಿ ಹೇಳಿದ್ದೇವೆ. ಮುದ್ರೆಯ ಮೇಜಿನವರೂ ಒತ್ತುವುದಿಲ್ಲ. ಹಾಗಾದರೆ ಕಾರ್ಖಾನೆಯ ಬಾಗಿಲು ಮುಚ್ಚುತ್ತೇನೆ ಎಂದಿದ್ದಾನೆ ಧಣಿ. ಅಕ್ಟೋಬರ್ ೧೨ರಿಂದ ನಾವು ಬಾಗಿಲ ಮುಂದೆ ಕೂರುತ್ತೇವೆ.

ಅಧಿಕಾರಿಯ ಮುಂದೆ ಹೇಳಿದ್ದನ್ನು ನಿನ್ನ ಸಂಘದಲ್ಲಿ ಹೇಳು. ಆ ಡಾಕ್ಟರರ ಮುಂದೆ, ಆ ನ್ಯಾಯಾಧೀಶರ ಮುಂದೆ. ಅದು ಆಗದಿದ್ದರೆ ಇನ್ನು ನನಗೆ ಬರೆಯಬೇಡ.

ಅತ್ತಿಗೆ


ಅಕ್ಟೋಬರ್ ೨

ಅತ್ತಿಗೆ,

ಹೇಳಿದೆ.

ಭಾನುವಾರದ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಅಚ್ಚು, ತೊಟ್ಟಿಯ ನೀರು, ಬಟ್ಟೆ, ಅಣ್ಣನ ಕಣ್ಣು. ಯಾರೂ ನಡುವೆ ಮಾತಾಡಲಿಲ್ಲ. ನನಗೆ ಧೈರ್ಯ ಬಂತು. ಸುಕ್ಕಿನ ಗಟ್ಟಿಯನ್ನು ನಾವು ಕೊಳ್ಳುವುದಿಲ್ಲ ಎಂದು ಈ ದಿನವೇ ತೀರ್ಮಾನ ಮಾಡೋಣ ಎಂದೆ. ಮುಗಿಸಿ ಕೂತಾಗ ಚಪ್ಪಾಳೆ ತಟ್ಟಿದರು, ಮೊದಲು ತಟ್ಟಿದ ಹಾಗೆಯೇ. ನ್ಯಾಯಾಧೀಶರು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಪಕ್ಕ ಬಂದು ಕೂತು, ತಗ್ಗಿದ ದನಿಯಲ್ಲಿ, "ಆ ಗಟ್ಟಿ ಕಚೇರಿಯಿಂದ ವಾಪಸ್ ಬಂತೇನ್ರಿ? ಕೊಡೋ ಮನಸ್ಸಿದ್ರೆ ಮೊದಲು ನನಗೆ ಹೇಳಿ" ಎಂದರು. ಅವರ ಹಿಂದೆ ಡಾಕ್ಟರು ಕಾಯುತ್ತಿದ್ದರು.

ತೀರ್ಮಾನ ಏನೂ ಆಗಲಿಲ್ಲ. ಸದಸ್ಯತ್ವ ಬಿಟ್ಟು ಬಂದೆ. ಅದನ್ನು ಯಾರೂ ಗಮನಿಸಲಿಲ್ಲ ಅನಿಸುತ್ತದೆ.

೧೨ಕ್ಕೆ ನಾನೂ ಬಂದು ಕೂರುತ್ತೇನೆ. ರಜೆ ಕೊಡಲಿಲ್ಲ, ಆದರೂ ಬರುತ್ತೇನೆ. ಎಲ್ಲಿ ಕೂರಬೇಕು ಹೇಳಿ.

ಮೈದುನ


ಅಕ್ಟೋಬರ್ ೬

ಮೈದುನನಿಗೆ,

ಹಿಂದೆ. ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ. ಬೆಳಗಿನ ಪಾಳಿ ಶುರುವಾಗುವ ಮೊದಲು ಬಾ, ಭಾಷಣ ತರಬೇಡ.

ಅತ್ತಿಗೆ